ಹೊಸ ಕಾಯಿಯೊಂದರ ಹುಟ್ಟು



ಪಗಡೆಯಾಗಲಿ, ಚೌಕಾಬಾರವಾಗಲಿ, ಚದುರಂಗವಾಗಲಿ, ನಮ್ಮ ಹಿರಿಯರು ಆಡಿಕೊಂಡು ಬಂದ ಆಟಗಳಲ್ಲೆಲ್ಲ ಒಂದು ಸಮಾನ ಲಕ್ಷಣವನ್ನು ಕಾಣಬಹುದು. ಆಟಗಾರನಿಗೆ ಕಾಯಿ ನಡೆಸುವ ಸ್ವಾತಂತ್ರ್ಯ ಉಂಟು. ಕಾಯಿಯನ್ನು ಸೃಷ್ಟಿಸುವ ಸ್ವಾತಂತ್ರ್ಯ ಇಲ್ಲ. ಚದುರಂಗದ ಕುದುರೆ ಎರಡೂವರೆ ಮನೆ ಹಾರುತ್ತದೆ. ಮೂರೂವರೆ ಏಕೆ ಹಾರಬಾರದು ಎಂದು ಕೇಳುವ ಮಗುವಿಗೆ ‘ಆಟದ ನಿಯಮವೇ ಹಾಗೆ’ ಎಂದು ಹೇಳಿ ಸುಮ್ಮನಾಗಿಸುತ್ತೇವೆ. ಹಾಗೆಂದು ಕಾಯಿಗಳ ನಡೆ ಎಂದೂ ಬದಲಾಗಿಯೇ ಇಲ್ಲವೆಂದಲ್ಲ. ಹಳೆಯ ಚದುರಂಗದಲ್ಲಿ ಮಂತ್ರಿ ಮೂಲೆಯ ದಿಕ್ಕಿನಲ್ಲಿ ಒಂದೇ ಒಂದು ಮನೆ ಸರಿಯಬಲ್ಲ ಬಡಪಾಯಿಯಾಗಿದ್ದ. 15ನೆಯ ಶತಮಾನದ ಕೊನೆಯ ಹೊತ್ತಿಗೆ ಯೂರೋಪಿನಲ್ಲಿ ಅವನು ರಾಣಿಯ ರೂಪ ತಾಳಿ, ಎಂಟು ದಿಕ್ಕಿಗೂ ಓಡಾಡುವ ಪರಾಕ್ರಮವನ್ನು ಪಡೆದುಕೊಂಡ. ಆದರೆ ಈ ಒಂದು ಬದಲಾವಣೆಗೆ ಹಲವು ಶತಮಾನಗಳು ಬೇಕಾದವು. ಅದನ್ನು ಮಾಡಿದವರು ಯಾರೆಂದು ಹೇಳುವಂತೆಯೂ ಇಲ್ಲ.

ಶತಮಾನಗಳು ಹಿಡಿದ ಈ ಕೆಲಸವನ್ನು ಇಂದು ಹದಿನಾಲ್ಕು ವರ್ಷದ ಹುಡುಗ ಒಂದು ಸಂಜೆಯಲ್ಲಿ ಮಾಡಬಲ್ಲ. ಗಣಕಯಂತ್ರದ ಯುದ್ಧತಂತ್ರದ ಆಟಗಳಲ್ಲಿ, ಆಟದ ಜೊತೆಗೇ ದೊರೆಯುವ ನಕ್ಷೆ ತಿದ್ದುವ ಸಲಕರಣೆಯನ್ನು ಉಪಯೋಗಿಸಿ, ತನ್ನದೇ ಹೊಸ ಕಾಯಿಯನ್ನು ಕಡೆದು ನಿಲ್ಲಿಸುವ ವಿದ್ಯೆಯ ವಿಷಯವಾಗಿ ನಾನು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕನ್ನಡ ಸಾಹಿತ್ಯವನ್ನು ಪಾಠ ಹೇಳಿ ನಿವೃತ್ತನಾದವನಿಗೆ ಈ ವಿಷಯದಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಮಾತು ಮುಗಿಯುವ ವೇಳೆಗೆ ಆ ಪ್ರಶ್ನೆಗೆ ಉತ್ತರ ದೊರೆತೀತು.

ಮೊದಲು ಆಟದ ಪರಿಚಯ. ಅಮೆರಿಕದ ಬ್ಲಿಜರ್ಡ್ ಎಂಬ ಕಂಪನಿ 2002ರಲ್ಲಿ ‘ವಾರ್‌ಕ್ರಾಫ್ಟ್ 3’ ಎಂಬ ಆಟವನ್ನು ಹೊರತಂದಿತು. ಮನುಷ್ಯರು, ಆರ್ಕ್ ಎಂಬ ದೈತ್ಯಜಾತಿ, ಸತ್ತೂ ಓಡಾಡುವ ಪ್ರೇತಸೈನ್ಯ, ಕಾಡಿನ ನಿಶಾಚರ ಗಣ ಎಂದು ಅದರಲ್ಲಿ ನಾಲ್ಕು ಪಂಗಡಗಳು. ಆಟಗಾರ ಗಣಿಯಿಂದ ಚಿನ್ನವನ್ನೂ ಕಾಡಿನಿಂದ ಮರವನ್ನೂ ತರಿಸಿ, ಕಟ್ಟಡಗಳನ್ನು ಕಟ್ಟಿಸಿ, ಸೈನ್ಯವನ್ನು ತರಬೇತುಗೊಳಿಸಿ ಎದುರಾಳಿಯ ಮೇಲೆ ಏರಿಹೋಗಬೇಕು. ಚದುರಂಗದಂತೆ ನನ್ನ ಸರದಿ, ನಿನ್ನ ಸರದಿ ಎಂಬ ಸೌಜನ್ಯ ಇಲ್ಲಿಲ್ಲ; ಕಾಲ ಯಾರಿಗೂ ಕಾಯುವುದಿಲ್ಲ. ಈ ಆಟದೊಡನೆ ‘ವರ್ಲ್ಡ್ ಎಡಿಟರ್’ ಎಂಬ ಇನ್ನೊಂದು ಸಲಕರಣೆಯನ್ನೂ ಕಂಪನಿ ಬೇರೆ ಬೆಲೆಯಿಲ್ಲದೆ ಕೊಟ್ಟಿತ್ತು. ಬೆಟ್ಟ, ಹೊಳೆ, ಕಾಡುಗಳನ್ನು ಹರಡಿ ಹೊಸ ರಣಭೂಮಿಯನ್ನು ರಚಿಸುವುದು ಅದರ ಮೊದಲ ಉಪಯೋಗ. 2003ರಲ್ಲಿ ‘ಫ್ರೋಜನ್ ಥ್ರೋನ್’ ಎಂಬ ವಿಸ್ತರಣೆ ಬಂದಾಗ ಅದರೊಳಗೆ ‘ಆಬ್ಜೆಕ್ಟ್ ಎಡಿಟರ್’ ಎಂಬ ವಿಭಾಗ ಸೇರಿತು. ಕಾಯಿಗಳು, ವಸ್ತುಗಳು, ಶಕ್ತಿಗಳು, ವಿದ್ಯೆಯ ಮೇಲ್ದರ್ಜೆಗಳು, ಎಲ್ಲವನ್ನೂ ಬಿಚ್ಚಿ ನೋಡಿ ಬೇಕಾದಂತೆ ಮರಳಿ ಜೋಡಿಸುವ ಕಮ್ಮಟ ಅದು.

ಇಲ್ಲಿ ಒಂದು ಶಬ್ದವಿಚಾರ. ಆ ಆಟದ ಭಾಷೆಯಲ್ಲಿ ಇವಕ್ಕೆ ‘ಯೂನಿಟ್’ ಎಂದು ಹೆಸರು. ನಮಗೆ ಯೂನಿಟ್ ಎಂದೊಡನೆ ನೆನಪಿಗೆ ಬರುವುದು ವಿದ್ಯುತ್ತಿನ ಬಿಲ್ಲು. ‘ಘಟಕ’ ಎಂದರೆ ಸರ್ಕಾರಿ ಸುತ್ತೋಲೆಯ ವಾಸನೆ ಬರುತ್ತದೆ. ‘ಸೈನಿಕ’ ಎನ್ನೋಣವೆಂದರೆ, ಅಲ್ಲಿ ಸೈನಿಕನೂ ಯೂನಿಟ್, ಅವನಿಗೆ ತರಬೇತಿ ಕೊಡುವ ಪಾಳೆಯದ ಕಟ್ಟಡವೂ ಯೂನಿಟ್, ಬಯಲಿನಲ್ಲಿ ಸುಮ್ಮನೆ ಮೇಯುವ ಕುರಿಯೂ ಯೂನಿಟ್. ನಮ್ಮಲ್ಲಿ ಇದಕ್ಕೆಂದೇ ಹುಟ್ಟಿದಂಥ ಒಂದು ಹಳೆಯ ಮಾತಿದೆ: ಕಾಯಿ. ಆನೆಯೂ ಕಾಯಿ, ಮಂತ್ರಿಯೂ ಕಾಯಿ, ಹುಣಿಸೆ ಬೀಜವೂ ಕಾಯಿ. ಆದುದರಿಂದ ಕಾಯಿ ಎಂದೇ ಕರೆಯುತ್ತೇನೆ.

ಹೊಸ ಕಾಯಿಯನ್ನು ಶೂನ್ಯದಿಂದ ಸೃಷ್ಟಿಸಲು ಬರುವುದಿಲ್ಲ. ಇದು ಈ ವಿದ್ಯೆಯ ಮೊದಲ ಸೂತ್ರ. ಇರುವ ಕಾಯಿಗಳಲ್ಲಿ ಒಂದನ್ನು ಮೂಲವೆಂದು ಆರಿಸಿಕೊಂಡು, ಅದರ ಪ್ರತಿಯನ್ನು ತೆಗೆದು, ಆ ಪ್ರತಿಯನ್ನು ತಿದ್ದಬೇಕು. ಮನುಷ್ಯರ ಪಕ್ಷದ ಸಾಮಾನ್ಯ ಕಾಲಾಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ‘ಫುಟ್‌ಮನ್’ ಎಂದು ಅವನ ಹೆಸರು. ಆಯಸ್ಸು 420, ಬೆಲೆ 135 ಚಿನ್ನ, ನಡಿಗೆಯ ವೇಗ 270. ಅವನು ಎರಡು ಪಾಲು ಅನ್ನವನ್ನು ಬಯಸುತ್ತಾನೆ. ಅವನ ಪ್ರತಿಯೊಂದನ್ನು ತೆಗೆದೊಡನೆ ಯಂತ್ರವು ಅದಕ್ಕೆ ನಾಲ್ಕಕ್ಷರದ ಗುರುತೊಂದನ್ನು ಕೊಡುತ್ತದೆ. ನಾವು ಕೊಡುವ ಹೆಸರು ಲೋಕಕ್ಕೆ. ಆ ನಾಲ್ಕಕ್ಷರ ಯಂತ್ರಕ್ಕೆ. ಒಂದೇ ಹೆಸರಿನ ಇಬ್ಬರು ಇರಬಹುದು, ಒಂದೇ ಗುರುತಿನ ಇಬ್ಬರು ಇರಕೂಡದು.

ಬಳಿಕ ತಿದ್ದುವ ಕೆಲಸ. ಪರದೆಯ ಮೇಲೆ ಉದ್ದನೆಯ ಪಟ್ಟಿ ಬಿಚ್ಚಿಕೊಳ್ಳುತ್ತದೆ: ರೂಪ, ಬಣ್ಣ, ಗಾತ್ರ, ಧ್ವನಿ, ಆಯಸ್ಸು, ಕವಚ, ಹೊಡೆತ, ಎರಡು ಹೊಡೆತಗಳ ನಡುವಣ ಬಿಡುವು, ದೃಷ್ಟಿಯ ದೂರ, ಬೆಲೆ, ತಯಾರಾಗಲು ಹಿಡಿಯುವ ಕಾಲ. ಇದರಲ್ಲಿ ನನ್ನ ಮನಸ್ಸನ್ನು ಸೆಳೆದ ಸಂಗತಿಯೆಂದರೆ, ಕಣ್ಣಿಗೆ ಕಾಣುವ ರೂಪಕ್ಕೂ ಒಳಗಿನ ಗುಣಕ್ಕೂ ತಾನಾಗಿಯೇ ಸಂಬಂಧವಿಲ್ಲದಿರುವುದು. ಗಾತ್ರದ ಅಂಕಿಯನ್ನು ಮೂರು ಪಟ್ಟು ಹೆಚ್ಚಿಸಿದರೆ ಕಾಲಾಳು ಭೀಮಕಾಯನಾಗಿ ತೋರುತ್ತಾನೆ. ಆದರೆ ಅವನ ಆಯಸ್ಸು ಹಳೆಯದೇ. ಅಷ್ಟೇ ಅಲ್ಲ, ಎಷ್ಟು ಅಗಲದ ಸಂದಿಯಲ್ಲಿ ನುಸುಳಬಲ್ಲ ಎಂಬುದಕ್ಕೆ ಬೇರೆಯೇ ಒಂದು ಅಂಕಿ ಇದೆ. ಅದನ್ನು ಮುಟ್ಟದೆ ಬಿಟ್ಟರೆ ಈ ಭೀಮಕಾಯ ಇಲಿಯ ಹಾಗೆ ಕಿರುದಾರಿಯಲ್ಲಿ ತೂರಿಹೋಗುತ್ತಾನೆ. ವೇಷಕ್ಕೆ ತಕ್ಕ ಸತ್ತ್ವವನ್ನು ಕರ್ತೃವೇ ಒಂದೊಂದಾಗಿ ತುಂಬಬೇಕು. ಪಾತ್ರಸೃಷ್ಟಿಯ ಬಗ್ಗೆ ತರಗತಿಯಲ್ಲಿ ಮೂವತ್ತು ವರ್ಷ ಹೇಳಿದ ಮಾತೇ ಇದು. ಇಲ್ಲಿ ಅಂಕಿಗಳಲ್ಲಿ ಬರೆದಿದೆ.

ಹೊಡೆತದ ಲೆಕ್ಕದಲ್ಲಿ ದಾಳ ಬರುತ್ತದೆ. ಹೌದು, ಪಗಡೆಯ ದಾಳವೇ. ಮೂಲ ಬಲ ಇಷ್ಟು, ದಾಳಗಳು ಇಷ್ಟು, ಒಂದೊಂದು ದಾಳಕ್ಕೆ ಮುಖಗಳು ಇಷ್ಟು ಎಂದು ಮೂರು ಅಂಕಿಗಳನ್ನು ಕೊಡಬೇಕು. ಮೂಲ ಬಲ 10, ಆರು ಮುಖದ ದಾಳ ಎರಡು ಎಂದಿಟ್ಟುಕೊಳ್ಳಿ. ಹೊಡೆತ 12ರಿಂದ 22ರವರೆಗೆ ಎಷ್ಟಾದರೂ ಆಗಬಹುದು, ಸರಾಸರಿ 17. ಮೂಲ ಬಲ 16, ಒಂದೇ ಮುಖದ ಒಂದೇ ದಾಳ ಎಂದರೆ ಪ್ರತಿ ಹೊಡೆತವೂ ತಪ್ಪದೆ 17. ಸರಾಸರಿಯಲ್ಲಿ ಇಬ್ಬರೂ ಸಮಾನರು. ಸ್ವಭಾವದಲ್ಲಿ ಎಷ್ಟು ಅಂತರ! ಒಬ್ಬ ಆವೇಶದ ಮನುಷ್ಯ, ಇನ್ನೊಬ್ಬ ಲೆಕ್ಕದ ಗುಮಾಸ್ತ. ಕವಚದ ಲೆಕ್ಕವೂ ಸ್ವಾರಸ್ಯವಾದುದೇ. ಕವಚದ ಅಂಕಿಯನ್ನು 0.06ರಿಂದ ಗುಣಿಸಿ, ಬಂದುದನ್ನು ಅದಕ್ಕೆ ಒಂದು ಕೂಡಿಸಿದ ಮೊತ್ತದಿಂದ ಭಾಗಿಸಿದರೆ ಹೊಡೆತದಲ್ಲಿ ತಡೆಯುವ ಪಾಲು ಸಿಗುತ್ತದೆ. 10ರ ಕವಚ ನೂರಕ್ಕೆ ಮೂವತ್ತೇಳೂವರೆ ಪಾಲನ್ನು ತಡೆದರೆ, ಅದರ ಇಮ್ಮಡಿಯಾದ 20ರ ಕವಚ ಸುಮಾರು ಐವತ್ತನಾಲ್ಕೂವರೆ ಪಾಲನ್ನು ಮಾತ್ರ ತಡೆಯುತ್ತದೆ. ಎಷ್ಟು ಹೇರಿದರೂ ಕವಚ ನೂರನ್ನು ಮುಟ್ಟುವುದಿಲ್ಲ. ಪೂರ್ಣ ಅಭೇದ್ಯನಾದವನು ಈ ಸೂತ್ರದೊಳಗೆ ಇಲ್ಲ.

ಇಷ್ಟೆಲ್ಲ ಆದಮೇಲೆ ಒಂದು ಕೆಲಸ ಉಳಿಯುತ್ತದೆ. ಹೊಸಬರು ಮರೆಯುವುದು ಇದನ್ನೇ. ಪಾಳೆಯದ ಕಟ್ಟಡಕ್ಕೆ ‘ನಾನು ಯಾರು ಯಾರನ್ನು ತಯಾರಿಸುತ್ತೇನೆ’ ಎಂಬ ಒಂದು ಯಾದಿ ಇದೆ. ಹೊಸ ಕಾಯಿಯನ್ನು ಆ ಯಾದಿಗೆ ಸೇರಿಸಬೇಕು. ಸೇರಿಸದಿದ್ದರೆ, ನಕ್ಷೆಯ ಮೇಲೆ ಕೈಯಾರೆ ತಂದು ನಿಲ್ಲಿಸಿದ ಹೊರತು ಅಥವಾ ಬೇರೊಂದು ಆಜ್ಞೆಯಿಂದ ಬರಿಸಿದ ಹೊರತು, ಎಷ್ಟೇ ಗುಣಶಾಲಿಯಾಗಿದ್ದರೂ ಅವನು ಆಟದಲ್ಲಿ ಹುಟ್ಟುವುದೇ ಇಲ್ಲ. ಅವನ ಗುಂಡಿಗೆ ಬೇರೊಂದು ಗುಂಡಿ ಇರುವ ಜಾಗವನ್ನೇ ಕೊಟ್ಟರೆ ಒಂದರ ಹಿಂದೆ ಇನ್ನೊಂದು ಅಡಗಿಹೋಗುತ್ತದೆ. ಹಸ್ತಪ್ರತಿಯಲ್ಲಿಯೇ ಉಳಿದು ಮುದ್ರಣ ಕಾಣದ ಕಾವ್ಯಗಳ ಸ್ಥಿತಿಯನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ.

ಇನ್ನು ನನ್ನನ್ನು ಈ ವಿಷಯಕ್ಕೆ ಕಟ್ಟಿಹಾಕಿದ ಅಂಶಕ್ಕೆ ಬರುತ್ತೇನೆ. ಹೊಸ ಕಾಯಿಯನ್ನು ನಕ್ಷೆಯ ಕಡತದಲ್ಲಿ ಉಳಿಸುವಾಗ ಯಂತ್ರವು ಅದರ ಇಡೀ ವಿವರವನ್ನು ಬರೆದಿಡುವುದಿಲ್ಲ. ಮೂಲ ಯಾರು, ಅವನಿಗಿಂತ ಇವನು ಯಾವ ಯಾವ ಅಂಶದಲ್ಲಿ ಬೇರೆ, ಇಷ್ಟನ್ನು ಮಾತ್ರ ಬರೆದುಕೊಳ್ಳುತ್ತದೆ. ಮುಟ್ಟದೆ ಬಿಟ್ಟ ಗುಣಗಳಿಗೆಲ್ಲ ಮೂಲವೇ ಆಧಾರ. ನಾಳೆ ಕಂಪನಿ ತನ್ನ ಕಾಲಾಳಿನ ವೇಗವನ್ನು ತಿದ್ದಿದರೆ, ನಾವು ವೇಗವನ್ನು ಮುಟ್ಟಿರದಿದ್ದ ಪಕ್ಷದಲ್ಲಿ, ನಮ್ಮ ಕಾಯಿಯ ವೇಗವೂ ಬದಲಾಗಬಹುದು. ವ್ಯತ್ಯಾಸವೇ ಅವನ ವ್ಯಕ್ತಿತ್ವ; ಉಳಿದುದು ಪಿತ್ರಾರ್ಜಿತ.

ವ್ಯಾಕರಣ ಬಲ್ಲವರಿಗೆ ಇಲ್ಲಿ ತದ್ಭವಗಳ ನೆನಪು ಬರಬೇಕು. ‘ಯಾತ್ರೆ’ ಸಂಸ್ಕೃತದ ಮಾತು. ಅದರ ಮೊದಲಕ್ಷರವನ್ನು ಮಾತ್ರ ತಿದ್ದಿ ಕನ್ನಡ ‘ಜಾತ್ರೆ’ ಎಂದಿತು. ಹೊರಟು ಹೋಗುವುದನ್ನು ಹೇಳುತ್ತಿದ್ದ ಶಬ್ದ ಈಗ ತೇರಿನ ಸುತ್ತ ಜನ ಕೂಡುವುದನ್ನು ಹೇಳುತ್ತದೆ. ಒಂದಕ್ಷರದ ವ್ಯತ್ಯಾಸ, ಆದರೆ ಜಾತ್ರೆ ನಮ್ಮದಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ? ಇನ್ನೂ ದೊಡ್ಡ ಉದಾಹರಣೆ ಆದಿಕವಿ ಪಂಪನದು. ಹತ್ತನೆಯ ಶತಮಾನದ ಆ ಕವಿ ವ್ಯಾಸರ ಅರ್ಜುನನನ್ನು ತೆಗೆದುಕೊಂಡು ತನ್ನ ಆಶ್ರಯದಾತ ಅರಿಕೇಸರಿಯೊಡನೆ ಅಭೇದ ಕಲ್ಪಿಸಿದ. ಒಂದು ಗುಣವನ್ನು ತಿದ್ದಿದ ಕೂಡಲೇ ಬೇರೆ ಗುಣಗಳು ಹೊಂದಿಕೆ ತಪ್ಪುತ್ತವೆ. ಕಥಾನಾಯಕನೇ ಅರ್ಜುನನಾದಮೇಲೆ ದ್ರೌಪದಿ ಐವರ ಪತ್ನಿಯಾಗಿರುವುದು ಸರಿಹೋಗದು. ‘ವಿಕ್ರಮಾರ್ಜುನ ವಿಜಯ’ದಲ್ಲಿ ಅವಳು ಅರ್ಜುನನೊಬ್ಬನ ಸತಿಯಾದಳು. ಒಂದು ತಿದ್ದುಪಡಿ ಇನ್ನೊಂದನ್ನು ಬೇಡುವ ಈ ಕಷ್ಟವನ್ನು, ಪರದೆಯ ಮುಂದೆ ಕುಳಿತು ಕಾಯಿ ತಿದ್ದುವ ಹುಡುಗನೂ ಅವನ ಮಟ್ಟದಲ್ಲಿ ಅನುಭವಿಸುತ್ತಾನೆ.

ನನ್ನ ಮೊಮ್ಮಗನ ವಿಷಯ ಹೇಳುತ್ತೇನೆ. ಅವನು ಮೊದಲು ಕಡೆದ ಕಾಯಿ ಒಬ್ಬ ಕೋಟೆ ಕಾವಲುಗಾರ. ಆಯಸ್ಸು 5000, ಬೆಲೆ ಒಂದು ಚಿನ್ನ. ಹುಡುಗರ ಔದಾರ್ಯಕ್ಕೆ ಮಿತಿಯುಂಟೆ? ಮೊದಲ ದಿನ ಮೂವರು ಗೆಳೆಯರು ಬಂದು ಆಡಿ ಸೋತರು. ಮರುದಿನ ಯಾರೂ ಬರಲಿಲ್ಲ. ಮೂರನೆಯ ದಿನ ಅವನೇ ಪಟ್ಟಿಯನ್ನು ಬಿಚ್ಚಿ ಕುಳಿತ. ಆಯಸ್ಸು 600ಕ್ಕೆ ಇಳಿಯಿತು, ವೇಗ 220ಕ್ಕೆ ಕುಗ್ಗಿತು, ಬೆಲೆ 190 ಚಿನ್ನಕ್ಕೆ ಏರಿತು. ಪಕ್ಕದಲ್ಲಿದ್ದ ನಾನು, “ಅಷ್ಟು ಚೆನ್ನಾಗಿದ್ದವನನ್ನು ಯಾಕಪ್ಪ ಕೆಡಿಸ್ತೀಯ?” ಎಂದೆ. “ತಾತ, ಸೋಲೋಕೇ ಆಗದವನ ಜೊತೆ ಯಾರು ಆಡ್ತಾರೆ? ಇವನನ್ನ ಸೋಲಿಸೋಕೂ ಒಂದು ದಾರಿ ಇರಬೇಕು” ಎಂದ.

ಆ ಮಾತಿನ ಮೇಲೆ ನಾನು ಬಹಳ ಹೊತ್ತು ಯೋಚಿಸಿದೆ. ಕರ್ಣನಿಗೆ ಶಾಪವಿಲ್ಲದಿದ್ದರೆ, ದುರ್ಯೋಧನನ ತೊಡೆಯೂ ವಜ್ರವಾಗಿದ್ದರೆ, ಭಾರತದ ಕಥೆ ನಮಗೆ ಬೇಕಾಗುತ್ತಿರಲಿಲ್ಲ. ಬಲಕ್ಕೆ ಬೆಲೆಯನ್ನೂ ಶಕ್ತಿಗೆ ಮರ್ಮಸ್ಥಾನವನ್ನೂ ಇಡಬೇಕೆಂಬ ವಿವೇಕವನ್ನು ಈ ಹುಡುಗ ಉಪದೇಶದಿಂದ ಕಲಿಯಲಿಲ್ಲ. ಖಾಲಿಯಾದ ಜಗುಲಿಯಿಂದ ಕಲಿತ. ಅಧಿಕಾರ ಕೈಗೆ ಬಂದ ದೊಡ್ಡವರಲ್ಲಿ ಎಷ್ಟು ಮಂದಿ ಮೂರು ದಿನದಲ್ಲಿ ಇದನ್ನು ಕಲಿಯುತ್ತಾರೆ? ಯುದ್ಧದ ಆಟದಿಂದ ಮಕ್ಕಳು ಕ್ರೂರಿಗಳಾಗುವರೆಂದು ಅಂಜುವವರ ಕಳವಳವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಆಡುವುದು ಬೇರೆ, ಆಟವನ್ನು ಕಟ್ಟುವುದು ಬೇರೆ. ಕಟ್ಟುವವನು ಎದುರಾಳಿಯ ಸುಖದುಃಖವನ್ನೂ ಚಿಂತಿಸಬೇಕಾಗುತ್ತದೆ. ಈ ಕಮ್ಮಟದಿಂದ ಹೊರಬಂದ ರಚನೆಗಳೆಲ್ಲ ಯುದ್ಧಗಳೂ ಅಲ್ಲ. ಬಯಲಿನ ಆ ನಿರುಪದ್ರವಿ ಕುರಿಯನ್ನೇ ನಾಯಕನನ್ನಾಗಿ ಮಾಡಿ, ಕಟ್ಟಡಗಳನ್ನು ಅಡ್ಡವಿಟ್ಟು ಬೇಟೆಗಾರರಿಂದ ತಪ್ಪಿಸಿಕೊಳ್ಳುವ ಆಟವೊಂದನ್ನು ಯಾರೋ ರಚಿಸಿದರು. ಅದು ದೇಶದೇಶಗಳಲ್ಲಿ ಜನಪ್ರಿಯವಾಯಿತು.

ಹೀಗೆ ಹವ್ಯಾಸಿಗಳು ರಚಿಸಿದ ನಕ್ಷೆಗಳಲ್ಲಿ ಒಂದರ ಕಥೆಯನ್ನು ಹೇಳಲೇಬೇಕು. ‘ಡಿಫೆನ್ಸ್ ಆಫ್ ದಿ ಏನ್ಷಿಯಂಟ್ಸ್’ ಎಂದು ಅದರ ಹೆಸರು. ಹುಡುಗರು ‘ಡೋಟಾ’ ಎನ್ನುತ್ತಾರೆ. ಅದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. 1998ರಲ್ಲಿ ಬಂದ ‘ಸ್ಟಾರ್‌ಕ್ರಾಫ್ಟ್’ ಎಂಬ ಆಟಕ್ಕೆ ಆಟಗಾರನೊಬ್ಬ ಮಾಡಿದ್ದ ನಕ್ಷೆಯೊಂದು ಅದಕ್ಕೆ ಪ್ರೇರಣೆ. ಯೂಲ್ ಎಂಬ ಅಂಕಿತದವನು 2003ರಲ್ಲಿ ಅದನ್ನು ವಾರ್‌ಕ್ರಾಫ್ಟಿನಲ್ಲಿ ರೂಪಿಸಿದ. ದೊಡ್ಡ ಸೈನ್ಯದ ಬದಲು ಒಬ್ಬೊಬ್ಬ ಆಟಗಾರನಿಗೆ ಒಬ್ಬನೇ ವೀರ. ಒಂದೊಂದು ಪಕ್ಷದಲ್ಲಿ ಐದು ಮಂದಿ. ಆ ವೀರರೆಲ್ಲ ನಾನು ಹೇಳಿದ ರೀತಿಯಲ್ಲಿ ತಿದ್ದಿ ಕಡೆದ ಕಾಯಿಗಳೇ. ನೋಡನೋಡುತ್ತ ಅದಕ್ಕೆ ಹಲವು ಪಾಠಾಂತರಗಳು ಹುಟ್ಟಿಕೊಂಡವು. ಅವುಗಳ ಉತ್ತಮ ವೀರರನ್ನು ಒಟ್ಟುಗೂಡಿಸಿದ ‘ಆಲ್‌ಸ್ಟಾರ್ಸ್’ ಎಂಬ ಪಾಠ ಬಂದಿತು. ಅದನ್ನು ಗ್ವಿನ್ಸೂ ಎಂಬ ಅಂಕಿತದ ಸ್ಟೀವ್ ಫೀಕ್ ಬೆಳೆಸಿದ. 2005ರಿಂದ ಐಸ್‌ಫ್ರಾಗ್ ಎಂಬ ಅಂಕಿತದವನು ಕೈಗೆತ್ತಿಕೊಂಡ. ಕೈಯಿಂದ ಕೈಗೆ ದಾಟುತ್ತ, ಪ್ರತಿಕಾರನೇ ಪರಿಷ್ಕರ್ತನೂ ಆಗಿ ಬೆಳೆದ ಈ ಕೃತಿಯ ಚರಿತ್ರೆ ನಮ್ಮ ಓಲೆಗರಿ ಗ್ರಂಥಗಳ ಚರಿತ್ರೆಯ ಹಾಗೆಯೇ ಇದೆ.

ಆದರೆ ಓಲೆಗರಿಗೆ ಮಾರುಕಟ್ಟೆ ಇರಲಿಲ್ಲ. 2009ರಲ್ಲಿ ‘ಲೀಗ್ ಆಫ್ ಲೆಜೆಂಡ್ಸ್’ ಎಂಬ, ಅದೇ ಬಗೆಯ ಸ್ವತಂತ್ರ ಆಟ ಬಂದಿತು. ಫೀಕ್ ಅದರ ರಚನಕಾರರಲ್ಲಿ ಒಬ್ಬ. ವಾಲ್ವ್ ಎಂಬ ಕಂಪನಿ ಐಸ್‌ಫ್ರಾಗನನ್ನು ಕರೆಸಿಕೊಂಡು 2013ರಲ್ಲಿ ‘ಡೋಟಾ 2’ ಎಂಬ ಆಟವನ್ನು ಹೊರತಂದಿತು. ಹೆಸರಿನ ಹಕ್ಕು ಯಾರದೆಂದು ವಾಲ್ವಿಗೂ ಬ್ಲಿಜರ್ಡಿಗೂ ಎದ್ದ ವ್ಯಾಜ್ಯ 2012ರಲ್ಲಿ ರಾಜಿಯಾಗಿತ್ತು. ಹಲವು ಕೈಗಳು ತಿದ್ದಿದ ಇಂಥ ಕೃತಿಯ ಒಡೆಯರು ಯಾರು ಎಂಬ ಪ್ರಶ್ನೆ 2017ರಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಲಯವೊಂದರಲ್ಲಿಯೂ ಚರ್ಚೆಗೆ ಬಂದಿತು. 2020ರಲ್ಲಿ ಬ್ಲಿಜರ್ಡ್ ತನ್ನ ಹಳೆಯ ಆಟವನ್ನು ಹೊಸದಾಗಿ ಪ್ರಕಟಿಸಿದಾಗ ಅದರ ನಿಬಂಧನೆಗಳಲ್ಲಿ ಸ್ಪಷ್ಟವಾಗಿ ಬರೆಯಿತು: ಈ ಸಲಕರಣೆಯಿಂದ ಆಟಗಾರರು ರಚಿಸುವ ಆಟಗಳೆಲ್ಲ ಕಂಪನಿಯ ಸ್ವತ್ತು.

ಕಂಪನಿಯ ಪಕ್ಷದಲ್ಲಿ ನ್ಯಾಯವೇ ಇಲ್ಲವೆಂದು ನಾನು ಹೇಳಲಾರೆ. ಕಾಲಾಳು ಅವರವನು, ಕಮ್ಮಟ ಅವರದು, ಮುಟ್ಟದೆ ಬಿಟ್ಟ ಗುಣಗಳೆಲ್ಲ ಅವರವು. ತಮ್ಮ ಮನೆಯಲ್ಲಿ ಬೇಯಿಸಿದ ಅಡಿಗೆ ಪರರ ಹೋಟೆಲಿನಲ್ಲಿ ಮಾರಾಟವಾದಾಗ ಮನೆಯವರಿಗೆ ನೋವಾಗುವುದು ಸಹಜ. ಆದರೂ ಅವರ ಯಂತ್ರವೇ ಅವರಿಗೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತಿದೆ. ಮೂಲಕ್ಕಿಂತ ಬೇರೆಯಾದ ಅಂಶಗಳನ್ನು ಪ್ರತ್ಯೇಕವಾಗಿ, ಒಂದೂ ಬಿಡದೆ ಅದು ಬರೆದಿಟ್ಟುಕೊಂಡಿದೆಯಲ್ಲ, ಆ ವ್ಯತ್ಯಾಸದ ಕಡತ ಯಾರ ದುಡಿಮೆ? ಪಿತ್ರಾರ್ಜಿತವೂ ಸ್ವಯಾರ್ಜಿತವೂ ಇಷ್ಟು ನಿಚ್ಚಳವಾಗಿ ಬೇರೆ ಬೇರೆ ಕಡೆ ನಮೂದಾದ ಆಸ್ತಿಪತ್ರ ಕಾವ್ಯಲೋಕದಲ್ಲಿ ಕೂಡ ದೊರೆಯದು. ಮೂಲವನ್ನು ಕೊಟ್ಟವನಿಗೆ ಪಾಲು ಸಲ್ಲಲಿ. ವ್ಯತ್ಯಾಸವನ್ನು ಮಾಡಿದವನನ್ನು ಕೂಲಿಯಿಲ್ಲದ ಆಳನ್ನಾಗಿ ಕಾಣುವುದು ಮಾತ್ರ ನ್ಯಾಯವಲ್ಲ. ಇದು ಒಂದು ಆಟದ ಪ್ರಶ್ನೆಯೂ ಅಲ್ಲ. ನಮ್ಮ ಮಕ್ಕಳು ಇನ್ನು ಮುಂದೆ ಬರೆಯುವ, ಬಿಡಿಸುವ, ಹಾಡುವ ಬಹು ಭಾಗ ಯಾರೋ ಕೊಟ್ಟ ಸಲಕರಣೆಗಳ ಒಳಗೇ ನಡೆಯುವಂಥದು. ಸಲಕರಣೆ ಕೊಟ್ಟವನೇ ಕೃತಿಗೂ ಒಡೆಯ ಎಂದಾದರೆ, ಕಂಠದಾನ ಮಾಡಿದವನಿಗೆ ಕಾವ್ಯವನ್ನೂ ಒಪ್ಪಿಸಬೇಕಾದೀತು.

ನಿಬಂಧನೆಗಳನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವ ಒಂದು ಕೆಲಸ ಹೇಳುತ್ತೇನೆ. ಆ ಸಲಕರಣೆಯಲ್ಲಿ ನಕ್ಷೆಯ ವಿವರ ಬರೆಯುವ ಒಂದು ಪುಟವಿದೆ. ಅಲ್ಲಿ ಕರ್ತೃವಿನ ಹೆಸರಿಗೆ ಒಂದು ಅಂಕಣ. ನಾವು ಏನೂ ಬರೆಯದಿದ್ದರೆ ಯಂತ್ರ ಅಲ್ಲಿ ಮೊದಲೇ ಬರೆದಿಟ್ಟಿರುವ ಮಾತು ‘ಅಜ್ಞಾತ’ ಎಂಬುದು. ಎಷ್ಟೋ ಹುಡುಗರು ಅದನ್ನು ಹಾಗೆಯೇ ಬಿಟ್ಟುಬಿಡುತ್ತಾರೆ. ಅಜ್ಞಾತಕರ್ತೃಕ ಎಂಬ ಪಟ್ಟಿಯಲ್ಲಿ ಕನ್ನಡದ ಎಷ್ಟು ಒಳ್ಳೆಯ ಕೃತಿಗಳು ಸೇರಿಹೋಗಿವೆ ಎಂಬುದನ್ನು ಬಲ್ಲ ನಾನು, ನನ್ನ ಮೊಮ್ಮಗನಿಗೆ ಆ ಅಂಕಣವನ್ನು ತುಂಬಿಸು ಎಂದೆ. ತುಂಬಿಸಿದ. ಬಳಿಕ, ನಾನು ಹೇಳದೆಯೇ, ಕೆಳಗಿನ ವಿವರದಲ್ಲಿ ಕಾವಲುಗಾರನ ಹೊಸ ರೂಪವನ್ನು ಬಿಡಿಸಿದವರ ಹೆಸರು, ಶಕ್ತಿಯೊಂದರ ಉಪಾಯವನ್ನು ಯಾರಿಂದ ಪಡೆದನೋ ಅವರ ಹೆಸರು, ಎಲ್ಲವನ್ನೂ ಬರೆಯತೊಡಗಿದ. ಆ ಆಟಗಾರರ ಬಳಗದಲ್ಲಿ ಅದು ನಡೆದುಬಂದ ಸಂಪ್ರದಾಯವಂತೆ. ಹೆಸರು ಬಿಟ್ಟವನಿಗೆ ಅಲ್ಲಿ ಮರ್ಯಾದೆ ಇಲ್ಲವಂತೆ. ನಮ್ಮ ಪ್ರಾಚೀನ ಕವಿಗಳು ಕಾವ್ಯದ ಆರಂಭದಲ್ಲಿ ಮಾಡುತ್ತಿದ್ದ ಪೂರ್ವಕವಿ ಸ್ತುತಿಯೂ ಇದೇ ಅಲ್ಲವೆ?